ಸೂರು ಏಳುವ ದಾರಿ

ತರೀಕೆರೆ ತಾಲ್ಲೂಕಿನ ಅಮೃತಾಪುರದ ಅಮೃತೇಶ್ವರ ಗುಡಿಗೆ ಫೋಟೊಗಳ ಬರವಿಲ್ಲ. ಎರಡನೇ ವೀರಬಲ್ಲಾಳನ ದಂಡನಾಯಕ 1196ರಲ್ಲಿ ಕಟ್ಟಿಸಿದ ಆ ಗುಡಿಯ ಮಿರುಗುವ ಕಂಬಗಳನ್ನು ಯಾವ ಕೋನದಿಂದ ಬೇಕಾದರೂ ಮೊಬೈಲಿನಲ್ಲಿ ಹುಡುಕಿ ನೋಡಬಹುದು. ಆದರೆ ಅದೇ ಸೀಮೆಯ ಒಕ್ಕಲು ಮನೆ, ಕೊಟ್ಟಿಗೆ, ಕಣ, ಕಣಜಗಳು ಹೇಗಿದ್ದವು ಎಂದು ಕೇಳಿದರೆ ತೋರಿಸಲು ಚಿತ್ರವಿಲ್ಲ. ಗುಡಿಯ ದೀಪಕ್ಕೆ ಎಣ್ಣೆ, ನೈವೇದ್ಯಕ್ಕೆ ಅಕ್ಕಿ ಹೋದದ್ದು ಅಲ್ಲಿಂದಲೇ.

ಈ ಪಕ್ಷಪಾತ ಕ್ಯಾಮೆರಾ ನಮ್ಮ ನಾಡಿಗೆ ಕಾಲಿಟ್ಟಂದಿನಿಂದಲೂ ಇದೆ. 1850ರ ದಶಕದಲ್ಲಿ ಬಿಗ್ಸ್, ಪಿಗೌ, ನೀಲ್ ಎಂಬ ಮೂವರು ಆಂಗ್ಲರು ಧಾರವಾಡ, ಮೈಸೂರು ಸೀಮೆಗಳಲ್ಲಿ ಹೊರೆಭಾರದ ಸಲಕರಣೆ ಹೊರಿಸಿಕೊಂಡು ತಿರುಗಿದರು. ಅವರು ತೆಗೆದ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ದಪ್ಪ ಪುಸ್ತಕವಾಗಿ ಬಂದವು. ಅದರ ತುಂಬ ಹಳೆಯ ಗುಡಿಗಳ ವೈಭವ. ಆಮೇಲೆ ಬಿ.ಎಲ್. ರೈಸ್ ಬಂದರು. ಆಗ ಕಡೂರು ಜಿಲ್ಲೆ ಎನಿಸಿಕೊಂಡಿದ್ದ ಈ ಪ್ರದೇಶದ ಶಾಸನಗಳನ್ನು 1901ರಲ್ಲಿ ಒಂದು ಸಂಪುಟವಾಗಿ ಹೊರತಂದರು. ಕಲ್ಲಿನ ಮೇಲೆ ಬರೆದ ಗದ್ದೆ, ತೋಟ, ಕೆರೆಗಳ ಲೆಕ್ಕವೆಲ್ಲ ಅದರಲ್ಲಿದೆ. ಆ ಗದ್ದೆಯ ಭತ್ತ ಎಲ್ಲಿ ಬಡಿದರು, ಎಲ್ಲಿ ತುಂಬಿಟ್ಟರು ಎಂಬುದಕ್ಕೆ ಕಲ್ಲು ಬಾಯಿ ಬಿಡುವುದಿಲ್ಲ. ಫೋಟೊ ತೆಗೆದ ಆ ಮೂವರನ್ನು ದೂರುವಂತಿಲ್ಲ. ಒಂದು ಚಿತ್ರಕ್ಕೆ ಅರ್ಧ ದಿನ ಹಿಡಿಯುತ್ತಿದ್ದ ಕಾಲದಲ್ಲಿ ಯಾರಾದರೂ ಹಳೇಬೀಡಿನ ಕಡೆಗೇ ಮುಖ ಮಾಡುತ್ತಿದ್ದರು, ಕೊಟ್ಟಿಗೆಯ ಕಡೆಗಲ್ಲ. ಜೇಬಿನಲ್ಲಿ ಫೋನಿಟ್ಟುಕೊಂಡ ನಮಗೆ ಆ ನೆಪವೂ ಇಲ್ಲ.

ಹಳೆಯ ಬೇಸಾಯದ ಕಟ್ಟಡಗಳ ಮೇಲೆ ಕಣ್ಣಿಟ್ಟವರು ಶುರು ಮಾಡಬೇಕಾದ ದಾರಿ ನನ್ನ ಪ್ರಕಾರ ಒಂದೇ: ಅಜ್ಜಂಪುರದಿಂದ ಹೊರಟು ತರೀಕೆರೆ, ಲಿಂಗದಹಳ್ಳಿ, ಕಲ್ಲತ್ತಿಗಿರಿ ಹಾದು ಕೆಮ್ಮಣ್ಣುಗುಂಡಿ ಹತ್ತುವುದು. ಅಜ್ಜಂಪುರ, ಕಡೂರಿನ ಬಯಲಿನಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಯಲ್ಲಿ ಅದರ ಹಲವು ಪಟ್ಟು. ಬಾಬಾಬುಡನ್‌ಗಿರಿ ಸಾಲು ಪಡುವಣದ ಮೋಡಗಳನ್ನು ತಡೆದು ನಿಲ್ಲಿಸಿಕೊಳ್ಳುತ್ತದೆ. ಬಯಲಿಗೆ ದಾಟುವುದು ಉಳಿದ ಹನಿ. ಅರ್ಧ ದಿನದ ಈ ಪ್ರಯಾಣದಲ್ಲಿ ಕಿಟಕಿಯಾಚೆ ಬರೀ ಸೂರುಗಳನ್ನು ನೋಡುತ್ತ ಹೋದರೂ ಮಳೆಯ ಲೆಕ್ಕ ಸಿಕ್ಕುತ್ತದೆ. ಹೊಸದುರ್ಗದ ಕಡೆಗೆ ವಾಲಿದ ಊರುಗಳಲ್ಲಿ ಅಳಿದುಳಿದ ಮಣ್ಣಿನ ಮಾಳಿಗೆ ಚಪ್ಪಟೆ. ತರೀಕೆರೆ ಹತ್ತಿರವಾದಂತೆ ಹೆಂಚು ಕಾಣಿಸಿಕೊಳ್ಳುತ್ತದೆ, ಇಳಿಜಾರು ಶುರುವಾಗುತ್ತದೆ. ಲಿಂಗದಹಳ್ಳಿ ದಾಟಿದ ಮೇಲೆ ಸೂರು ಕಡಿದಾಗುತ್ತ, ಮಾಡಿನ ಅಂಚು ಗೋಡೆಯಿಂದಾಚೆಗೆ ಚಾಚುತ್ತ ಹೋಗುತ್ತದೆ. ಯಾವ ಎಂಜಿನಿಯರೂ ಇಲ್ಲದೆ ಹೀಗೆ ಆಗಿದೆ.

ಹಾಗಾಗಿ ಇಲ್ಲಿ ಒಂದು ಕಟ್ಟಡದ ಒಂದು ಚೆಂದದ ಫೋಟೊದಿಂದ ಆಗುವ ಪ್ರಯೋಜನ ಕಡಿಮೆ. ಬೆಲೆ ಬರುವುದು ಸಾಲಿಗೆ. ಜರ್ಮನಿಯ ಬರ್ಂಡ್ ಮತ್ತು ಹಿಲ್ಲಾ ಬೆಕರ್ ದಂಪತಿ 1959ರಿಂದ ದಶಕಗಟ್ಟಲೆ ಮಾಡಿದ್ದು ಇದನ್ನೇ. ನೀರಿನ ತೊಟ್ಟಿ, ಗಣಿಯ ಗೋಪುರ, ಧಾನ್ಯದ ಉಗ್ರಾಣ, ಮರದ ಚೌಕಟ್ಟಿನ ಹಳೇ ಮನೆಗಳನ್ನು ಮೋಡ ಮುಸುಕಿದ ದಿನ, ನೇರ ಎದುರಿನಿಂದ, ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತೆಗೆದು ಅಕ್ಕಪಕ್ಕ ಜೋಡಿಸಿದರು. ಬಿಡಿಯಾಗಿ ನೋಡಿದರೆ ಸಪ್ಪೆ ಎನಿಸುವ ಚಿತ್ರಗಳು ಗುಂಪಾಗಿ ನಿಂತಾಗ ಒಂದಕ್ಕೊಂದು ಮಾತಾಡುತ್ತವೆ. ಇದಕ್ಕೆ ವಿರುದ್ಧದ ದಾರಿಯೂ ಉಂಟು. ಅಮೆರಿಕದ ಗ್ರ್ಯಾಂಡ್ ಟೀಟನ್ ಬೆಟ್ಟಗಳ ಬುಡದಲ್ಲಿ ಮೌಲ್ಟನ್ ಕುಟುಂಬದ ಹಳೆಯ ಮರದ ಕೊಟ್ಟಿಗೆಯೊಂದಿದೆ. ಹಿಂದೆ ಹಿಮದ ಶಿಖರ, ಮುಂದೆ ಹುಲ್ಲು. ಅದರೆದುರು ಬೆಳಗಿನ ಜಾವಕ್ಕೇ ಕ್ಯಾಮೆರಾಗಳು ಸಾಲುಗಟ್ಟುತ್ತವೆ. ಎಲ್ಲರೂ ನಿಲ್ಲುವುದು ಒಂದೇ ಕಡೆ, ಎಲ್ಲರಿಗೂ ಸಿಕ್ಕುವುದು ಒಂದೇ ಚಿತ್ರ. ಅದನ್ನು ನೋಡಿದವನಿಗೆ ಒಳಗೆ ಯಾವ ದನ ಕಟ್ಟುತ್ತಿದ್ದರು, ಮೇವು ಎಲ್ಲಿ ಒಟ್ಟುತ್ತಿದ್ದರು ಎಂದು ತಿಳಿಯುವುದಿಲ್ಲ. ನಮ್ಮ ಮಲೆನಾಡ ಮನೆಗಳ ಫೋಟೊಗಳೂ ಈ ಚಟಕ್ಕೆ ಬೀಳುತ್ತಿವೆ: ಮಂಜು, ಪಾಚಿ ಹಿಡಿದ ಹೆಂಚು, ಅರೆತೆರೆದ ಬಾಗಿಲು. ನೋಡಲು ಹಿತ, ತಿಳಿಯುವುದು ಏನೂ ಇಲ್ಲ.

ಬಯಲಿನಿಂದಲೇ ಶುರು ಮಾಡೋಣ. ಮಾಳಿಗೆ ಮನೆ ಎದುರಿನಿಂದ ಅಂಥ ಸುಂದರ ವಸ್ತುವೇನಲ್ಲ. ಅದರ ಕಸುಬೆಲ್ಲ ಒಳಗಿದೆ. ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತೆ, ಅದರ ಮೇಲೆ ಸೊಪ್ಪುಸದೆಯ ಹಾಸು, ಎಲ್ಲಕ್ಕೂ ಮೇಲೆ ನೀರಿಳಿಯದ ಕರಲು ಮಣ್ಣು. ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ಮಣ್ಣು ಹಾಕಿ ತುಳಿಯಬೇಕು. ಒಂದೆರಡು ವರ್ಷ ಬಿಟ್ಟರೆ ಸೋರುತ್ತದೆ, ಸೋರಿದ ಮಾಳಿಗೆಯ ಜಂತೆ ಕೊಳೆತು ಕುಸಿಯುತ್ತದೆ. ಮನೆಯ ಅಳತೆಯನ್ನು ಅಡಿಯಲ್ಲಿ ಹೇಳುವ ರೂಢಿ ಇರಲಿಲ್ಲ, ಇಷ್ಟು ಅಂಕಣದ ಮನೆ ಎನ್ನುತ್ತಿದ್ದರು. ಕಂಬದಿಂದ ಕಂಬಕ್ಕೆ ಒಂದು ಅಂಕಣ. ಆದ್ದರಿಂದ ಒಳಗಿನ ಚಿತ್ರದಲ್ಲಿ ಕಂಬಗಳನ್ನು ಎಣಿಸಲು ಬರಬೇಕು. ಕ್ಯಾಮೆರಾವನ್ನು ಮೂಲೆಯಲ್ಲಿಟ್ಟು, ತ್ರಿಪಾದಿಯ ಮೇಲೆ ಮಟ್ಟವಾಗಿ ಕೂರಿಸಿ, ಮಾಳಿಗೆಯ ಬೆಳಕಿಂಡಿಯಿಂದ ಬೀಳುವ ಬೆಳಕೊಂದನ್ನೇ ನಂಬಿ ನಾಲ್ಕೈದು ಸೆಕೆಂಡು ತೆರೆದಿಟ್ಟರೆ ಸಾಕು. ಫ್ಲ್ಯಾಶ್ ಹಾರಿಸಿದರೆ ಹೊಗೆ ಹಿಡಿದ ತೊಲೆಯ ಕಪ್ಪೂ ಬೆಳಕಿಂಡಿಯ ಕೆಲಸವೂ ಒಟ್ಟಿಗೇ ಮಾಯ. ಆ ಕಿಂಡಿ ಯಾವ ಹೊತ್ತಿಗೆ ಒರಳಿನ ಮೇಲೆ ಬೆಳಕು ಚೆಲ್ಲುತ್ತದೆ ಎಂದು ಮನೆಯ ಹೆಂಗಸರನ್ನು ಕೇಳಿದರೆ ಸರಿಯಾದ ಸಮಯ ಹೇಳುತ್ತಾರೆ.

ಮಾಳಿಗೆಗಿಂತ ಕಷ್ಟದ ವಸ್ತು ಹಗೇವು. ಹಗೇವಿಗೆ ಮುಖವೇ ಇಲ್ಲ. ಮನೆಯಂಗಳದಲ್ಲೋ ಊರ ಬಯಲಿನಲ್ಲೋ ಗಟ್ಟಿ ನೆಲ ನೋಡಿ, ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದಾದ ಬಾಯಿ ತೋಡಿ, ಒಳಗೆ ಹೊಟ್ಟೆಯನ್ನು ಅಗಲವಾಗಿ ಬಿಡಿಸಿದ ನೆಲಮಾಳಿಗೆ ಅದು. ತಳಕ್ಕೂ ಸುತ್ತಕ್ಕೂ ಹುಲ್ಲು ಕೊಟ್ಟು, ರಾಗಿ ಸುರಿದು, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮೇಲೆ ಮಣ್ಣು ಮೆತ್ತಿಬಿಟ್ಟರೆ ವರ್ಷಗಳವರೆಗೆ ಕೆಡುತ್ತಿರಲಿಲ್ಲ. ರಾಗಿಗೆ ಮೊದಲೇ ಹುಳು ಹಿಡಿಯುವುದು ಕಡಿಮೆ. ಮುಚ್ಚಿದ ಗುಂಡಿಯಲ್ಲಿ ಕಾಳೇ ಉಸಿರಾಡಿ ಒಳಗಿನ ಆಮ್ಲಜನಕವನ್ನು ಮುಗಿಸುವುದರಿಂದ ಉಳಿದ ಹುಳುವೂ ಸಾಯುತ್ತದೆ. ಅದೇ ಕಾರಣಕ್ಕೆ ಹಗೇವು ತೆಗೆದ ಕೂಡಲೇ ಇಳಿಯುವಂತಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಹಗ್ಗ ಕಟ್ಟಿ ದೀಪ ಇಳಿಸಿ, ಅದು ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ಕ್ಷಾಮ ಬಂದ ವರ್ಷ ಊರನ್ನು ಬದುಕಿಸುತ್ತಿದ್ದುದು ಈ ಗುಂಡಿಗಳೇ.

ಇದನ್ನು ಕ್ಯಾಮೆರಾದಲ್ಲಿ ಹಿಡಿಯುವುದು ಹೇಗೆ? ಮೇಲಿನಿಂದ ತೆಗೆದರೆ ನೆಲದಲ್ಲೊಂದು ಕಲ್ಲು, ಅಷ್ಟೆ. ಮುಚ್ಚಳ ತೆಗೆದಿದ್ದರೆ ಒಂದು ಕಪ್ಪು ತೂತು. ಒಳಗಿಳಿಯುವ ಸಾಹಸ ಯಾರಿಗೂ ಬೇಡ. ಬಳಸದೆ ಬಿಟ್ಟ ಹಗೇವಿನ ಗಾಳಿಯನ್ನು, ಅಂಚಿನ ಮಣ್ಣನ್ನು ನಂಬಲಾಗದು. ನನಗೆ ಒಪ್ಪಿಗೆಯಾದ ಉಪಾಯ ಇದು: ಹಿಂದಕ್ಕೆ ಸರಿದು ನಿಂತು, ಚಪ್ಪಡಿಕಲ್ಲು, ಮನೆಯ ಬಾಗಿಲು, ಕಣಕ್ಕೆ ಹೋಗುವ ಹಾದಿ ಮೂರೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ತೆಗೆಯುವುದು. ಕಾಳು ಯಾವ ಕಡೆಯಿಂದ ಬಂದು ಎಲ್ಲಿಗೆ ಇಳಿದು ಯಾವ ಬಾಗಿಲಿಗೆ ಹೋಯಿತು ಎಂಬುದು ಆಗ ತಾನೇ ಕಾಣುತ್ತದೆ. ಆಮೇಲೆ ಬಾಯಿಯ ಅಡ್ಡಳತೆಗೆ ಒಂದು ಮೀಟರ್ ಕೋಲಿಟ್ಟು ಇನ್ನೊಂದು ಚಿತ್ರ. ಉಳಿದದ್ದನ್ನು, ಎಷ್ಟು ಖಂಡುಗ ಹಿಡಿಯುತ್ತಿತ್ತು, ಕೊನೆಯ ಸಲ ತುಂಬಿದ್ದು ಯಾವಾಗ ಎಂಬುದನ್ನು, ಬರೆದುಕೊಳ್ಳಬೇಕು. ಬರವಣಿಗೆ ಇಲ್ಲದ ಹಗೇವಿನ ಫೋಟೊ ಬರೀ ಕಲ್ಲಿನ ಫೋಟೊ.

ಕಣದ ಪಾಡು ಬೇರೆ. ನಡುವೆ ಮೇಟಿ ಕಂಬ ನೆಟ್ಟು, ಸಗಣಿ ಬಗ್ಗಡದಿಂದ ಸಾರಿಸಿ, ಎತ್ತುಗಳ ಹಿಂದೆ ಕಲ್ಲಿನ ಗುಂಡು ಉರುಳಿಸುತ್ತಿದ್ದ ಕಣ ಈಗ ಟಾರು ರಸ್ತೆಗೆ ಬಂದಿದೆ. ಸುಗ್ಗಿಯ ದಿನಗಳಲ್ಲಿ ಕಡೂರು, ಅಜ್ಜಂಪುರದ ಸುತ್ತಿನ ರಸ್ತೆಗಳಲ್ಲಿ ರಾಗಿ ತೆನೆ ಹರವಿ ಓಡಾಡುವ ಗಾಡಿಗಳಿಂದಲೇ ಒಕ್ಕಣೆ ಮಾಡಿಸಿಕೊಳ್ಳುವುದನ್ನು ಎಲ್ಲರೂ ಕಂಡಿದ್ದೇವೆ. ಕಲ್ಲುಗುಂಡು ಬೇಲಿಯ ಮಗ್ಗುಲಲ್ಲಿ ಮಲಗಿದೆ. ಅದನ್ನೂ ತೆಗೆಯಿರಿ, ರಸ್ತೆಯನ್ನೂ ತೆಗೆಯಿರಿ. ಟ್ರ್ಯಾಕ್ಟರ್ ಚೌಕಟ್ಟಿಗೆ ಬರದಂತೆ ಪಕ್ಕಕ್ಕೆ ಸರಿಯುವ ನಾಜೂಕು ನನಗೆ ಹಿಡಿಸದು. ಹಳೆಯ ಕೊಟ್ಟಿಗೆಯಲ್ಲಿ ಪಂಪ್‌ಸೆಟ್ಟಿನ ಪೈಪು, ಗೊಬ್ಬರದ ಚೀಲ, ಸ್ಕೂಟರ್ ಇದ್ದರೆ ಅದು ಬದುಕಿರುವ ಕೊಟ್ಟಿಗೆ ಎಂದು ಅರ್ಥ.

ಇನ್ನು ಕಟ್ಟಡವೇ ಇಲ್ಲದ ಬೇಸಾಯದ ನೆಲ ಒಂದಿದೆ. ಅಮೃತಮಹಲ್ ಕಾವಲು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಇಲಾಖೆಯ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲುಗಳಿವು. ಆ ಇಲಾಖೆಗೆ ಅಮೃತಮಹಲ್ ಎಂಬ ಹೆಸರು ಕೊಟ್ಟದ್ದು ಟಿಪ್ಪು. ಫಿರಂಗಿ ಎಳೆಯಲು, ದಂಡಿನ ಸಾಮಾನು ಸಾಗಿಸಲು ಬೇಕಾದ ಎತ್ತುಗಳು ಇಲ್ಲಿಂದ ಹೋಗುತ್ತಿದ್ದವು. ಕಾವಲುಗಳನ್ನು ಬೇಸಿಗೆ, ಮಳೆಗಾಲ, ಚಳಿಗಾಲದವು ಎಂದು ವಿಂಗಡಿಸಿ ಹಿಂಡುಗಳನ್ನು ಋತುವಿಗೆ ತಕ್ಕಂತೆ ಅಟ್ಟಿಕೊಂಡು ಹೋಗುತ್ತಿದ್ದರು. ದನ ಬಯಲಲ್ಲೇ ಹುಟ್ಟಿ ಬಯಲಲ್ಲೇ ಬೆಳೆಯುತ್ತಿತ್ತು, ಸೂರಿನ ಹಂಗಿಲ್ಲ. ಹಿಂದಕ್ಕೆ ಬಾಗಿದ ಉದ್ದ ಕೋಡಿನ ಈ ತಳಿ ಅಪರಿಚಿತರನ್ನು ಕಂಡರೆ ಇವತ್ತಿಗೂ ತಲೆ ಎತ್ತಿ ನಿಲ್ಲುತ್ತದೆ. ಹತ್ತಿರ ಹೋಗುವ ಫೋಟೊಗ್ರಾಫರನಿಗೆ ಕಾಲು ಚುರುಕಾಗಿರಬೇಕು. ಅಜ್ಜಂಪುರದಲ್ಲೂ ಬೀರೂರಿನಲ್ಲೂ ಈಗ ಸರ್ಕಾರದ ತಳಿ ಸಂವರ್ಧನಾ ಕೇಂದ್ರಗಳಿವೆ, ಬೀರೂರಿನಲ್ಲಿ ಹೋರಿಕರುಗಳ ಹರಾಜು ನಡೆಯುತ್ತದೆ, ದೂರದೂರದ ರೈತರು ಬರುತ್ತಾರೆ. ಕೇಂದ್ರದ ಕೊಟ್ಟಿಗೆಗಳ ಚಿತ್ರ ಬೇಕಾದವರು ಪಶುಪಾಲನಾ ಇಲಾಖೆಯ ಅನುಮತಿ ಪಡೆದೇ ಹೋಗಬೇಕು.

ಕಾವಲಿನಲ್ಲಿ ಕ್ಯಾಮೆರಾಕ್ಕೆ ಸಿಕ್ಕುವುದು ನೀರಿನ ಕಟ್ಟೆ, ದನದ ಜಾಡು, ಎಲ್ಲೋ ಒಂದು ಮುಳ್ಳುಬೇಲಿಯ ರೊಪ್ಪ, ಮಿಕ್ಕದ್ದು ಹುಲ್ಲು. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ ಮೇಲೆ ಅಲ್ಲಿಗೆ ಹೋಗುವ ಕ್ಯಾಮೆರಾಗಳೆಲ್ಲ ಕೃಷ್ಣಮೃಗದ ಹಿಂದೆ ಬಿದ್ದಿವೆ. ಆ ಕೃಷ್ಣಮೃಗಕ್ಕೆ ಹುಲ್ಲು ಉಳಿದದ್ದು ದನಕ್ಕಾಗಿ ಮೂರು ಶತಮಾನ ಕಾಯ್ದಿದ್ದರಿಂದ. ಯುನೆಸ್ಕೊ 1992ರಲ್ಲಿ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಸಾಂಸ್ಕೃತಿಕ ಭೂದೃಶ್ಯ ಎಂಬ ವರ್ಗವನ್ನು ತಂದಾಗ ಅದರ ಮನಸ್ಸಿನಲ್ಲಿದ್ದದ್ದು ಇಂಥ ನೆಲವೇ: ಮನುಷ್ಯನ ದುಡಿಮೆ ಮತ್ತು ಪ್ರಕೃತಿ ಕೂಡಿ ಮಾಡಿದ್ದು. ಒಂದು ಗೋಡೆಯೂ ಇಲ್ಲದೆ ಅದನ್ನು ತೋರಿಸುವ ಚಿತ್ರ ತೆಗೆಯುವುದು ಈ ದಾರಿಯ ಅತಿ ಕಠಿಣ ಪರೀಕ್ಷೆ ಎಂದೇ ನಾನು ಭಾವಿಸಿದ್ದೇನೆ. ಸಂಜೆಯ ಅಡ್ಡಬಿಸಿಲಿನಲ್ಲಿ, ತುಸು ಎತ್ತರದಿಂದ, ದನದ ಜಾಡು ಗೆರೆಯಾಗಿ ಮೂಡುವಂತೆ ತೆಗೆದರೆ ಸ್ವಲ್ಪ ದಕ್ಕುತ್ತದೆ.

ತರೀಕೆರೆಯ ಕಡೆ ಅಡಿಕೆ ಶುರು. ಸುಲಿದ ಅಡಿಕೆಯನ್ನು ಹಂಡೆಯಲ್ಲಿ ಚೊಗರು ಹಾಕಿ ಬೇಯಿಸುವ ಮನೆಯ ಗೋಡೆಗಳು ಹಬೆಗೂ ಹೊಗೆಗೂ ಒಂದೇ ಬಗೆಯ ಕಂದುಗಪ್ಪಾಗಿರುತ್ತವೆ. ಒಣಗಿಸುವ ಚಪ್ಪರಗಳು ಹೆಚ್ಚಾಗಿ ವರ್ಷವರ್ಷವೂ ಬಿಚ್ಚಿ ಕಟ್ಟುವಂಥವು. ಅವುಗಳ ವಯಸ್ಸು ಕೇಳಬಾರದು. ಕೊಯ್ಲಿನ ಹೊತ್ತಿಗೆ ಹೋದರೆ ಎಲ್ಲವೂ ಕೆಲಸದಲ್ಲಿ ಸಿಕ್ಕುತ್ತವೆ, ಬೇರೆ ತಿಂಗಳಲ್ಲಿ ಬರೀ ಗೂಟಗಳು.

ಹೆಂಚಿನ ಬಗ್ಗೆ ಮಾತ್ರ ನಿಂತು ಹೇಳಬೇಕು. ಈ ಭಾಗದಲ್ಲಿ ನಾಡಹೆಂಚಿನ ಜಾಗವನ್ನು ನಿಧಾನಕ್ಕೆ ಹಿಡಿದುಕೊಂಡದ್ದು ಘಟ್ಟದ ಕೆಳಗಿನ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಕಾರ್ಖಾನೆ ತೆರೆದರು, ಬೆನ್ನಿಗೇ ಬೇರೆ ಕಾರ್ಖಾನೆಗಳೂ ಬಂದವು. ಎಲ್ಲರೂ ಹೆಂಚಿನ ಮೈಮೇಲೆ ಹೆಸರನ್ನು ಅಚ್ಚೊತ್ತುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಮಿಷನ್ನಿನ ಕಾರ್ಖಾನೆಗಳನ್ನು ಕೈವಶ ಮಾಡಿಕೊಂಡರು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಹೀಗಾಗಿ ಕೊಟ್ಟಿಗೆಯ ಅಂಚಿನಲ್ಲಿ ಬಾಸೆಲ್ ಮಿಷನ್ನಿನ ಅಚ್ಚು ಕಂಡರೆ ಆ ಹೆಂಚಿಗೆ ನೂರು ವರ್ಷ ದಾಟಿದೆ ಎಂದು ಧೈರ್ಯವಾಗಿ ಹೇಳಬಹುದು. ಕೊಟ್ಟಿಗೆಗೆ ನೂರು ದಾಟಿದೆ ಎಂದು ಹೇಳುವಂತಿಲ್ಲ. ದೊಡ್ಡ ಮನೆಯ ಸೂರು ಕಳಚಿದಾಗ ಗಟ್ಟಿ ಹೆಂಚು ಕೊಟ್ಟಿಗೆಗೆ ಇಳಿಯುವುದು, ಅಲ್ಲಿಂದ ಬಚ್ಚಲಿಗೆ ಹೋಗುವುದು ನಮ್ಮಲ್ಲಿ ವಾಡಿಕೆ. ಒಂದೇ ಸೂರಿನಲ್ಲಿ ಮೂರು ಕಾರ್ಖಾನೆಯ ಹೆಸರಿದ್ದರೆ ರಿಪೇರಿಯ ಚರಿತ್ರೆಯೇ ಸಿಕ್ಕಿದಂತೆ. ಅಚ್ಚಿನ ಮೇಲೆ ಪಕ್ಕದಿಂದ ಟಾರ್ಚ್ ಬೆಳಕು ಬಿಟ್ಟು ಹತ್ತಿರದ ಚಿತ್ರ ತೆಗೆದರೆ ಸವೆದ ಅಕ್ಷರವೂ ಓದಲು ಬರುತ್ತದೆ.

ಮಣ್ಣಿನ ಗೋಡೆಗೂ ಇದೇ ಉಪಾಯ. ಎಳೆಬಿಸಿಲು ಗೋಡೆಯನ್ನು ಸವರಿಕೊಂಡು ಹೋಗುವ ಹೊತ್ತಿನಲ್ಲಿ ಸಾರಣೆ ಮಾಡಿದ ಕೈಯ ಬೆರಳ ಗೆರೆಗಳೂ ಎದ್ದು ಕಾಣುತ್ತವೆ. ಮೇಲೆ ಹೋದಷ್ಟೂ ಗೋಡೆ ಕೆಂಪಾಗುತ್ತದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರು ಮಾಡಿದ ಮೇಲೆ ಅದಿರು ಹೋದದ್ದು ಕೆಮ್ಮಣ್ಣುಗುಂಡಿಯಿಂದಲೇ, ರೋಪ್‌ವೇ ತೊಟ್ಟಿಲುಗಳಲ್ಲಿ ತೂಗಾಡುತ್ತ. ಗೋಡೆಯ ಕೆಂಪೂ ಅದೇ ಕಬ್ಬಿಣದ್ದು. ಮೊಬೈಲ್ ಕ್ಯಾಮೆರಾ ಆ ಕೆಂಪನ್ನು ತಪ್ಪೆಂದು ತಿಳಿದು ತಾನೇ ತಿದ್ದಿ ಬೂದಿ ಮಾಡಿಬಿಡುತ್ತದೆ. ವೈಟ್ ಬ್ಯಾಲೆನ್ಸನ್ನು ಡೇಲೈಟಿಗೆ ಕಟ್ಟಿಹಾಕಿದರೆ ಬಣ್ಣ ಉಳಿಯುತ್ತದೆ. ಜೊತೆಗೆ 0.5 ಎಂಬ ಅಗಲದ ಲೆನ್ಸಿನ ಆಸೆ ಬಿಡಬೇಕು. ಅದು ಮೂಲೆಗಳನ್ನು ಎಳೆದು ಕೊಟ್ಟಿಗೆಯನ್ನು ಅರಮನೆ ಮಾಡುತ್ತದೆ. ಹತ್ತು ಹೆಜ್ಜೆ ಹಿಂದೆ ಸರಿದು, ಫೋನನ್ನು ನೆಟ್ಟಗೆ ಹಿಡಿದು ತೆಗೆದರೆ ಕಂಬ ಕಂಬದಂತೆಯೇ ನಿಲ್ಲುತ್ತದೆ.

ಕ್ಯಾಮೆರಾಕ್ಕಿಂತ ಬಾಯಿ ಮುಖ್ಯ. ಅಜ್ಜಂಪುರದ ಹತ್ತಿರ ಬೆಟ್ಟ ಕೊರೆದು ಭದ್ರಾ ಮೇಲ್ದಂಡೆ ಯೋಜನೆಯ ಸುರಂಗ ಹೋಗಿದೆ, ಕಾಲುವೆಗಳು ಹೋಗಿವೆ. ಅಳತೆ ಟೇಪು ಹಿಡಿದವನನ್ನು ಕಂಡರೆ ಇಲ್ಲಿ ಜನ ಸುಮ್ಮನಿರುವುದಿಲ್ಲ.

“ಏನ್ ಸಾರ್, ಸರ್ವೆನಾ? ಇಲ್ಲೂ ಬರ್ತದಾ ಕಾಲುವೆ?”

“ಇಲ್ಲ ಯಜಮಾನ್ರೇ, ನಿಮ್ಮ ಹಳೇ ಕಣಜದ ಫೋಟೊ ಬೇಕಿತ್ತು.”

“ಬೀಳೋ ಕಣಜ ತಗಂಡು ಏನ್ ಮಾಡ್ತೀರಾ? ಮಗ ಹೊಸ ಮನೆ ಕಟ್ಟವ್ನೆ, ಅದ್ ತೆಗೀರಿ.”

ಹೊಸ ಮನೆಯ ಫೋಟೊವನ್ನೇ ಮೊದಲು ತೆಗೆಯಬೇಕು. ಅದು ಬರೀ ಮರ್ಯಾದೆಯ ಮಾತಲ್ಲ. ಹಳೆಯದರ ಕಲ್ಲು, ತೊಲೆ ಹೊಸದರಲ್ಲಿ ಎಲ್ಲಿ ಸೇರಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಇನ್ನು ಕೆಲವರು ಬಿದ್ದ ಮನೆಯ ಪರಿಹಾರಕ್ಕೆ ಬಂದವರೆಂದು ತಿಳಿದು ಬಿರುಕುಗಳನ್ನೆಲ್ಲ ತೋರಿಸುತ್ತಾರೆ. ಅವರ ಊಹೆಯಲ್ಲಿ ಅಸಂಗತವಾದದ್ದು ಏನೂ ಇಲ್ಲ. ಹಳ್ಳಿಯ ಹಳೇ ಮನೆಗಳ ಫೋಟೊ ತೆಗೆಯುವವರು ಇದ್ದರೆ ಅವರು ಸರ್ಕಾರದವರೇ. ವಸತಿ ಯೋಜನೆಯಲ್ಲಿ ಈಗಿರುವ ಮನೆ, ಕಟ್ಟುವ ಜಾಗ, ಆಮೇಲೆ ತಳಪಾಯ, ಸೂರು ಎಂದು ಹಂತಹಂತಕ್ಕೂ ಜಿಪಿಎಸ್ ಸಮೇತ ಚಿತ್ರ ತೆಗೆದು ಏರಿಸಬೇಕು. ಕೆಡವುವ ಮುಂಚಿನ ದಿನಗಳ ಮಣ್ಣಿನ ಮನೆ, ಮುಂದೆ ಕೈಕಟ್ಟಿ ನಿಂತ ಯಜಮಾನತಿ: ನಮ್ಮ ಗ್ರಾಮೀಣ ಕಟ್ಟಡಗಳ ಅತಿ ದೊಡ್ಡ ಚಿತ್ರಸಂಗ್ರಹ ಬಹುಶಃ ಅದೇ. ಅದನ್ನು ಚರಿತ್ರೆ ಎಂದು ತೆರೆದು ನೋಡುವ ಉಸಾಬರಿ ಯಾರೂ ತೆಗೆದುಕೊಂಡಂತಿಲ್ಲ.

ಕೆತ್ತನೆಯ ಬಾಗಿಲು, ಬೋದಿಗೆ ಇರುವ ಮನೆಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಊರಿನ ಹೆಸರು, ನಕ್ಷೆಯ ಗುರುತು ಸಮೇತ ಅವನ್ನು ಹರಿಯಬಿಟ್ಟರೆ ಹಿಂದೆಯೇ ಹಳೇ ಮರದ ವ್ಯಾಪಾರಿಗಳು ಬಂದಿಳಿಯುತ್ತಾರೆ. ಮೂರು ಕಾಸಿಗೆ ಕಿತ್ತುಕೊಂಡು ಹೋದ ಬಾಗಿಲು ನಗರದ ರೆಸಾರ್ಟಿನಲ್ಲಿ ನಿಲ್ಲುತ್ತದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವಲಿದ್ದ ಮನೆಗಳನ್ನು ಬಿಡಿಬಿಡಿಯಾಗಿ ಕಳಚಿ ತಂದು ಮತ್ತೆ ನಿಲ್ಲಿಸಿದರಲ್ಲ, ಅಂಥ ಶ್ರದ್ಧೆ ಎಲ್ಲರಿಗೂ ಸಾಧ್ಯವಿಲ್ಲ. ಅಲ್ಲೂ ಉಳಿದಿರುವುದು ಹೆಚ್ಚಾಗಿ ದೊಡ್ಡ ಮನೆಗಳು. ಅವುಗಳ ಹಿಂದಿದ್ದ ಕೊಟ್ಟಿಗೆ, ಗೊಬ್ಬರದ ಗುಂಡಿ ಜೊತೆಗೆ ಬರುವುದಿಲ್ಲ, ಬರಲಾರವು.

ಕಲ್ಲತ್ತಿಗಿರಿ ದಾಟಿದ ಮೇಲೆ ಕಾಫಿ. ಎಸ್ಟೇಟುಗಳ ಕಣ, ಗೋದಾಮು, ಪಲ್ಪರ್ ಮನೆ, ಆಳುಗಳ ಲೈನು ಎಲ್ಲವೂ ಖಾಸಗಿ ಜಾಗಗಳು. ಗೇಟಿನಲ್ಲಿ ಕೇಳದೆ ಹೋಗಬಾರದು. ಕೇಳಿದರೆ ಬಂಗಲೆ ತೋರಿಸುತ್ತಾರೆ. ಲೈನ್ ಮನೆಗಳನ್ನೂ ತೋರಿಸಿ ಎಂದು ಎರಡನೇ ಸಲ ಕೇಳಬೇಕಾಗುತ್ತದೆ, ಅಲ್ಲಿ ವಾಸವಿರುವವರನ್ನು ಮತ್ತೆ ಬೇರೆಯಾಗಿ ಕೇಳಬೇಕು. ಬೆಟ್ಟದ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ತಂಗುದಾಣ ಈಗ ತೋಟಗಾರಿಕೆ ಇಲಾಖೆಯದು. ಪ್ರವಾಸಿಗಳ ಕ್ಯಾಮೆರಾಗಳೆಲ್ಲ ಹೂವಿನ ಪಾತಿಯ ಕಡೆಗೂ ಝಡ್ ಪಾಯಿಂಟಿನ ಕಡೆಗೂ ಇರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇಲೆ ಮಂಜು ಕಟ್ಟಿ ಎದುರಿನ ಗೋಡೆಯೂ ಕಾಣದು. ಕಟ್ಟಡಕ್ಕೆಂದೇ ಹೋಗುವವರಿಗೆ ಆ ತಿಂಗಳುಗಳು ಒಂದೇ ಕೆಲಸಕ್ಕೆ ಒಳ್ಳೆಯವು. ಬೆಟ್ಟದ ಬುಡದ ಊರುಗಳಲ್ಲಿ ಜಡಿಮಳೆ ಹಿಡಿದಾಗ ಕೊಡೆಯಡಿ ನಿಂತು, ಮಾಡಿನ ಅಂಚಿನಿಂದ ಸುರಿಯುವ ನೀರು ಗೋಡೆಯಿಂದ ಎಷ್ಟು ಮೊಳ ಆಚೆ ಬೀಳುತ್ತದೆ ಎಂದು ಚಿತ್ರ ತೆಗೆದುಕೊಳ್ಳಬಹುದು. ಅಂಚು ಅಷ್ಟು ಉದ್ದ ಏಕೆ ಚಾಚಿದೆ ಎಂದು ಆ ಚಿತ್ರದ ಕೆಳಗೆ ಬರೆಯಬೇಕಾಗಿಲ್ಲ.